ಅನ್ನದ ಸಾಲಿನಿಂದ ಮಣ್ಣಿನ ಒಡ್ಡಿಗೆ: ನೆರೆಗಾಲದ ಸಿಖ್ ಸೇವಾ ಪರಂಪರೆ ಮತ್ತು ಘಟಪ್ರಭೆಯ ದಂಡೆ

2019ರ ಆಗಸ್ಟ್ ತಿಂಗಳು ಒಂದಕ್ಕೊಂದು ಬಹುದೂರದ ಎರಡು ನದೀಕಣಿವೆಗಳಿಗೆ ಕೆಲವೇ ದಿನಗಳ ಅಂತರದಲ್ಲಿ ಒಂದೇ ಬಗೆಯ ವಿಪತ್ತನ್ನು ತಂದಿತು. ತಿಂಗಳ ಮೊದಲ ಎರಡು ವಾರಗಳಲ್ಲಿ ಸಹ್ಯಾದ್ರಿಯ ನೆತ್ತಿಯ ಮೇಲೆ ಬಿಡುವಿಲ್ಲದೆ ಸುರಿದ ಮಳೆಯಿಂದ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಒಟ್ಟಿಗೇ ಉಕ್ಕಿ, ಗೋಕಾಕದಿಂದ ಕೆಳಗೆ ಮುಧೋಳ, ರಬಕವಿ-ಬನಹಟ್ಟಿ, ಜಮಖಂಡಿ, ಬೀಳಗಿ ತಾಲ್ಲೂಕುಗಳ ದಂಡೆಯ ಊರುಗಳನ್ನೆಲ್ಲ ಸುತ್ತುವರಿದವು. ಆಲಮಟ್ಟಿ ಜಲಾಶಯದಿಂದ ಹೊರಬಿಟ್ಟ ನೀರು 5 ಲಕ್ಷ ಕ್ಯುಸೆಕ್ ಮೀರಿತು, ಅಂದರೆ ಪ್ರತಿ ಸೆಕೆಂಡಿಗೆ 5 ಲಕ್ಷ ಘನ ಅಡಿಗೂ ಹೆಚ್ಚು ನೀರು ಅಣೆಕಟ್ಟೆಯ ಬಾಗಿಲುಗಳನ್ನು ದಾಟಿ ಹೋಯಿತು. ಈ ದಂಡೆಯ ಜನ ಕೆಸರು ತುಂಬಿದ ಮನೆಗಳಿಗೆ ಮರಳುತ್ತಿದ್ದ ದಿನಗಳಲ್ಲಿಯೇ, ಆಗಸ್ಟ್ 18 ಮತ್ತು 19ರ ಸುಮಾರಿಗೆ, ಪಂಜಾಬಿನಲ್ಲಿ ಸಟ್ಲೆಜ್ ನದಿ ತನ್ನ ಒಡ್ಡುಗಳನ್ನು ಒಡೆದು ಜಲಂಧರ್ ಮತ್ತು ಕಪೂರ್ಥಲಾ ಜಿಲ್ಲೆಗಳ ಭತ್ತದ ಗದ್ದೆಗಳಿಗೆ ನುಗ್ಗಿತು. ಎರಡೂ ಕಡೆ ನಷ್ಟವಾದದ್ದು ಬೆಳೆ, ದನ, ಮನೆ, ಮಣ್ಣು. ಆದರೆ ನೀರು ಇಳಿದ ಮೇಲೆ ಎರಡು ಕಡೆಯೂ ನಡೆದ ಕೆಲಸ ಒಂದೇ ಬಗೆಯದಾಗಿರಲಿಲ್ಲ. ಆ ವ್ಯತ್ಯಾಸಕ್ಕೆ ಐದು ಶತಮಾನಗಳ ಹಿನ್ನೆಲೆಯಿದೆ. ಅದನ್ನು ಬಿಡಿಸಿ ನೋಡುವುದು ಕೃಷ್ಣಾ ಕಣಿವೆಯ ಓದುಗರಿಗೆ ಹೊರಗಿನ ವಿಷಯವೇನೂ ಅಲ್ಲ.

ಬೀಳಗಿ ತಾಲ್ಲೂಕಿನ ಅನಗವಾಡಿ ಘಟಪ್ರಭೆಯ ದಂಡೆಯ ಮೇಲಿದೆ. ಸಹ್ಯಾದ್ರಿಯಲ್ಲಿ ಹುಟ್ಟಿ, ಹಿಡಕಲ್ ಜಲಾಶಯವನ್ನು ದಾಟಿ, ಗೋಕಾಕದಲ್ಲಿ ಜಲಪಾತವಾಗಿ ಧುಮುಕಿ, ಮುಧೋಳದ ಬಯಲನ್ನು ಹಾಯ್ದು ಬರುವ ನದಿ ಇಲ್ಲಿಂದ ಮುಂದೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸೊಲ್ಲಾಪುರ-ಹುಬ್ಬಳ್ಳಿ ಹೆದ್ದಾರಿ ಈ ನದಿಯನ್ನು ದಾಟುವುದು ಅನಗವಾಡಿಯ ಸೇತುವೆಯ ಮೇಲೆ. ಆಲಮಟ್ಟಿ ಜಲಾಶಯ 519.6 ಮೀಟರ್ ಎತ್ತರಕ್ಕೆ ತುಂಬತೊಡಗಿದ ಮೇಲೆ ಈ ಭಾಗದಲ್ಲಿ ನದಿಯ ಸ್ವಭಾವವೇ ಬದಲಾಯಿತು: ಹರಿಯುವ ಹೊಳೆಯ ಜಾಗದಲ್ಲಿ ನಿಂತ ಹಿನ್ನೀರು ಬಂತು, ದಂಡೆಯ ಎರೆ ಭೂಮಿ ಮುಳುಗಡೆಯಾಯಿತು, ಊರುಗಳು ಮಡ್ಡಿಯ ಮೇಲಿನ ಪುನರ್ವಸತಿ ಕೇಂದ್ರಗಳಿಗೆ ಸರಿದವು. ಹಾಗಾಗಿ ಬೀಳಗಿ ಸೀಮೆಯ ಜನರಿಗೆ ನೀರಿನಿಂದ ಮನೆ ಕಳೆದುಕೊಳ್ಳುವುದು ಎಂದರೆ ಎರಡು ಬಗೆಯ ಅನುಭವ. ಒಂದು, ಯೋಜನೆಗಾಗಿ ಶಾಶ್ವತವಾಗಿ ಬಿಟ್ಟು ಹೋಗುವುದು. ಇನ್ನೊಂದು, ಹೊಳೆ ಬಂದಾಗ ಎದ್ದು ಓಡಿ, ಇಳಿದ ಮೇಲೆ ಮರಳಿ ಬರುವುದು. ಜಮಖಂಡಿಯ ಮುತ್ತೂರು, ಶೂರ್ಪಾಲಿಯಂಥ ಕೃಷ್ಣಾ ತೀರದ ಊರುಗಳಿಗೂ ಘಟಪ್ರಭೆಯ ತೀರದ ಢವಳೇಶ್ವರ, ಮಿರ್ಜಿಗಳಿಗೂ ಎರಡನೆಯ ಅನುಭವ ಕೆಲವು ವರ್ಷಗಳಿಗೊಮ್ಮೆ ತಪ್ಪದೆ ಬರುತ್ತಿದೆ.

ಇಂಥ ಹೊತ್ತಿನಲ್ಲಿ ಉತ್ತರ ಕರ್ನಾಟಕ ತೋರುವ ಔದಾರ್ಯ ಸಣ್ಣದಲ್ಲ. 2019ರಲ್ಲಿ ಶಾಲೆಗಳಲ್ಲಿ, ಮಠಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ ತೆರೆದ ಪರಿಹಾರ ಕೇಂದ್ರಗಳಿಗೆ (ಜನ ಇಂದಿಗೂ ಅವನ್ನು ಗಂಜಿ ಕೇಂದ್ರ ಎಂದೇ ಕರೆಯುತ್ತಾರೆ) ಊರೂರಿನಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಾಸಿಗೆ ಹೊದಿಕೆ ಹೊತ್ತ ವಾಹನಗಳು ಬಂದವು. ಕಡಕ್ ರೊಟ್ಟಿ ಹಲವು ದಿನ ಕೆಡುವುದಿಲ್ಲ, ಒಲೆಯಿಲ್ಲದವರಿಗೂ ನಡೆಯುತ್ತದೆ, ಹೊತ್ತು ಸಾಗಿಸಲು ಹಗುರ. ಈ ಸೀಮೆಯ ಹೆಣ್ಣುಮಕ್ಕಳು ಸಾವಿರಗಟ್ಟಲೆ ರೊಟ್ಟಿ ಬಡಿದು ಕಳಿಸಿದ್ದು ನೆರೆಯ ಇತಿಹಾಸದಲ್ಲಿ ದಾಖಲಾಗಬೇಕಾದ ಸಂಗತಿ. ಸರ್ಕಾರ ಪ್ರತಿ ಸಂತ್ರಸ್ತ ಕುಟುಂಬಕ್ಕೆ ತುರ್ತು ನೆರವಾಗಿ 10,000 ರೂಪಾಯಿ ಕೊಟ್ಟಿತು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ರೊಟ್ಟಿ ಬರುವುದು ನಿಂತು, ಗಂಜಿ ಕೇಂದ್ರ ಮುಚ್ಚಿ, ಮನೆಯ ಹಣದ ಕಂತುಗಳಿಗಾಗಿ ಕಚೇರಿಯ ಅಲೆದಾಟ ಆರಂಭವಾಗುವ ನಡುವಿನ ಕಾಲವೇ ಸಂತ್ರಸ್ತರ ಪಾಲಿಗೆ ಅತ್ಯಂತ ಕಠಿಣವಾದದ್ದು. ಹೊಲದ ಮೇಲೆ ಕೂತ ಹೂಳು, ಕೊಚ್ಚಿಹೋದ ಬದು, ಕಿತ್ತುಹೋದ ಪಂಪ್‌ಸೆಟ್, ಕೊಳೆತ ಮೇವಿನ ಬಣವೆ, ಇವುಗಳ ಮುಂದೆ ರೈತ ಒಬ್ಬನೇ ನಿಲ್ಲುತ್ತಾನೆ. ಸಿಖ್ ಪರಂಪರೆಯಿಂದ ಕಲಿಯಬೇಕಾದದ್ದು ಮುಖ್ಯವಾಗಿ ಈ ನಡುವಿನ ಕಾಲಕ್ಕೆ ಸಂಬಂಧಿಸಿದ್ದು.

ಆ ಪರಂಪರೆಗೆ ಕರ್ನಾಟಕದ ನೆಲದಲ್ಲಿಯೂ ಬೇರಿದೆ. ಸಿಖ್ ಧರ್ಮದ ಸ್ಥಾಪಕರಾದ ಗುರು ನಾನಕರು 16ನೆಯ ಶತಮಾನದ ಆರಂಭದಲ್ಲಿ ತಮ್ಮ ದಕ್ಷಿಣದ ಯಾತ್ರೆಯಲ್ಲಿ ಬೀದರಿಗೆ ಬಂದರೆಂದೂ, ಸಿಹಿನೀರಿಲ್ಲದೆ ಬಳಲುತ್ತಿದ್ದ ಅಲ್ಲಿಯ ಜನರಿಗಾಗಿ ಬಂಡೆಯ ಬುಡದಿಂದ ಒರತೆ ಚಿಮ್ಮಿತೆಂದೂ ಸಂಪ್ರದಾಯ ಹೇಳುತ್ತದೆ. ಆ ಒರತೆಯ ಸುತ್ತ ಬೆಳೆದದ್ದೇ ಇಂದಿನ ನಾನಕ್ ಝೀರಾ ಗುರುದ್ವಾರ, ಅಂದರೆ ಸಿಖ್ಖರ ಪ್ರಾರ್ಥನಾ ಮಂದಿರ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಎಂಬ ದೀಕ್ಷಾಬದ್ಧ ಸಮುದಾಯವನ್ನು ಕಟ್ಟಿದಾಗ ಮೊದಲು ದೀಕ್ಷೆ ಪಡೆದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಇದೇ ಬೀದರಿನವರು, ಕ್ಷೌರಿಕ ಕುಲದಲ್ಲಿ ಹುಟ್ಟಿದವರು. ಪಂಜಾಬಿನ ಚರಿತ್ರೆಯ ನಿರ್ಣಾಯಕ ಘಳಿಗೆಯಲ್ಲಿ ದಖ್ಖನಿನ ಒಬ್ಬ ಕಾಯಕಜೀವಿ ಮುಂದೆ ಬಂದು ನಿಂತಿದ್ದನ್ನು ಕನ್ನಡದ ಇತಿಹಾಸ ಗ್ರಂಥಗಳು ಇನ್ನಷ್ಟು ಗೌರವದಿಂದ ಹೇಳಬೇಕಿತ್ತು.

ನಾನಕರ ಬೋಧನೆಯ ಆಚರಣೆಯ ರೂಪ ಮೂರು ಮಾತುಗಳಲ್ಲಿ ಅಡಗಿದೆ: ದೇವನಾಮದ ಸ್ಮರಣೆ, ಪ್ರಾಮಾಣಿಕ ದುಡಿಮೆ, ದುಡಿದದ್ದನ್ನು ಹಂಚಿ ಉಣ್ಣುವುದು. ಇವುಗಳಲ್ಲಿ ಕೊನೆಯ ಎರಡನ್ನು ಕಾಯಕ ಮತ್ತು ದಾಸೋಹಗಳ ನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ. ಕೂಡಲಸಂಗಮದ ಸೀಮೆಯಲ್ಲಿ 12ನೆಯ ಶತಮಾನದಲ್ಲಿಯೇ ದುಡಿಮೆಯನ್ನೂ ಹಂಚಿಕೆಯನ್ನೂ ಒಂದೇ ನೂಲಿನಲ್ಲಿ ಪೋಣಿಸಿದ ಚಿಂತನೆ ಹುಟ್ಟಿತ್ತು. ಎರಡು ಪರಂಪರೆಗಳಿಗೆ ನೇರ ಸಂಬಂಧ ಕಲ್ಪಿಸುವ ಅಗತ್ಯವಿಲ್ಲ. ಸಾಮ್ಯವನ್ನು ಗುರುತಿಸಿದರೆ ಸಾಕು. ಸಿಖ್ಖರಲ್ಲಿ ಹಂಚಿಕೆಯ ಸಂಸ್ಥೆಯಾಗಿ ಬೆಳೆದದ್ದು ಲಂಗರ್, ಅಂದರೆ ಗುರುದ್ವಾರದ ಸಮುದಾಯದ ಅಡುಗೆಮನೆ. ಎರಡನೆಯ ಗುರು ಅಂಗದರ ಪತ್ನಿ ಮಾತಾ ಖೀವಿ ಅದನ್ನು ವ್ಯವಸ್ಥಿತಗೊಳಿಸಿದರು. ಮೂರನೆಯ ಗುರು ಅಮರದಾಸರು ತಮ್ಮನ್ನು ಕಾಣಬರುವವರು ಮೊದಲು ಜಾತಿಭೇದವಿಲ್ಲದ ಸಾಲಿನಲ್ಲಿ ಕೂತು ಉಣ್ಣಬೇಕೆಂಬ ನಿಯಮ ಮಾಡಿದರು. ಆ ಸಾಲಿಗೆ ಪಂಗತ್ ಎಂದೂ ಕೂಡಿದ ಸಮುದಾಯಕ್ಕೆ ಸಂಗತ್ ಎಂದೂ ಹೆಸರು. ಲಂಗರಿಗೆ ಬೇಕಾದ ಧಾನ್ಯ ಮತ್ತು ಹಣ ದಸ್ವಂಧ್ ಎಂಬ ಕಟ್ಟಳೆಯಿಂದ ಬರುತ್ತದೆ. ಪ್ರತಿಯೊಬ್ಬರೂ ತಮ್ಮ ಗಳಿಕೆಯ ಹತ್ತನೆಯ ಒಂದು ಪಾಲನ್ನು ಸಮುದಾಯಕ್ಕೆ ಕೊಡಬೇಕೆಂಬುದು ಅದರ ತಿರುಳು. ಬೇಯಿಸುವ, ಬಡಿಸುವ, ಪಾತ್ರೆ ತೊಳೆಯುವ ಕೆಲಸಗಳನ್ನೆಲ್ಲ ಸಂಬಳವಿಲ್ಲದೆ ಮಾಡುವವರು ಸೇವಾದಾರರು. ಅಮೃತಸರದ ಸ್ವರ್ಣಮಂದಿರದ ಲಂಗರಿನಲ್ಲಿ ದಿನವೂ ಹತ್ತಾರು ಸಾವಿರ ಜನ ಉಣ್ಣುತ್ತಾರೆ. ಹೀಗೆ ನೆರೆಯಿಲ್ಲದ ದಿನಗಳಲ್ಲಿಯೂ ಸಾವಿರಾರು ಜನರಿಗೆ ಅಡುಗೆ ಮಾಡುವ ಅಭ್ಯಾಸ ಇರುವ ಸಮುದಾಯಕ್ಕೆ ನೆರೆ ಬಂದ ದಿನ ಹೊಸದಾಗಿ ಏನನ್ನೂ ಕಟ್ಟಬೇಕಾಗುವುದಿಲ್ಲ. ದೊಡ್ಡ ಹಂಡೆ, ಬೇಳೆ, ಹಿಟ್ಟು, ಕೈಗಳು ಎಲ್ಲವೂ ಆಗಲೇ ಇರುತ್ತವೆ.

ಯಾರಿಗೆ ಸಹಾಯ ಎಂಬ ಪ್ರಶ್ನೆಗೆ ಈ ಪರಂಪರೆ ಯುದ್ಧಭೂಮಿಯಲ್ಲಿಯೇ ಉತ್ತರ ಕಂಡುಕೊಂಡಿತ್ತು. 18ನೆಯ ಶತಮಾನದ ಆರಂಭದ ಆನಂದಪುರದ ಕಾಳಗಗಳಲ್ಲಿ ಭಾಯಿ ಕನ್ಹಯ್ಯಾ ಎಂಬ ಸೇವಕ ಗಾಯಗೊಂಡ ಶತ್ರು ಸೈನಿಕರಿಗೂ ನೀರು ಕುಡಿಸಿದಾಗ ಅವನ ಮೇಲೆ ದೂರು ಬಂತು. ಎಲ್ಲರಲ್ಲಿಯೂ ಗುರುವಿನ ಮುಖವನ್ನೇ ಕಂಡೆನೆಂದು ಅವನು ಹೇಳಿದ್ದನ್ನು ಕೇಳಿದ ಗುರು ಗೋವಿಂದರು, ನೀರಿನ ಜೊತೆ ಗಾಯಕ್ಕೆ ಹಚ್ಚುವ ಮುಲಾಮನ್ನೂ ಕೊಟ್ಟು ಕಳಿಸಿದರೆಂದು ಪರಂಪರೆ ನೆನೆಯುತ್ತದೆ.

ಆದರೆ ಲಂಗರಿನಷ್ಟು ಹೊರಗೆ ಹೆಸರಾಗದ ಇನ್ನೊಂದು ಸಂಸ್ಥೆಯೇ ಪ್ರವಾಹದ ಇತಿಹಾಸದಲ್ಲಿ ಹೆಚ್ಚು ಮುಖ್ಯವಾದದ್ದು. ಅದು ಕಾರ್ ಸೇವಾ, ಅಂದರೆ ಸಮುದಾಯದ ಕಟ್ಟಡ, ಕೆರೆ, ಕೊಳಗಳಿಗಾಗಿ ಸ್ವಂತ ಕೈಯಿಂದ ಮಾಡುವ ಕೂಲಿಯಿಲ್ಲದ ದುಡಿಮೆ. ನಾಲ್ಕನೆಯ ಗುರು ರಾಮದಾಸರ ಕಾಲದಲ್ಲಿ, 1577ರಲ್ಲಿ, ಅಮೃತಸರದ ಸರೋವರವನ್ನು ತೋಡುವ ಕೆಲಸ ಆರಂಭವಾದಾಗಿನಿಂದ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊರುವುದು ಸಿಖ್ಖರಿಗೆ ಪೂಜೆಯ ಒಂದು ರೂಪವೇ ಆಯಿತು. 1923ರಲ್ಲಿ ಆ ಸರೋವರದ ಹೂಳು ತೆಗೆಯಲು ಪಂಜಾಬಿನ ಮೂಲೆಮೂಲೆಗಳಿಂದ ಜನ ಬಂದು ಸಾಲುಗಟ್ಟಿ ಮಣ್ಣು ಹೊತ್ತರು. ಶ್ರೀಮಂತರೂ ಬಡವರೂ ಒಂದೇ ಸಾಲಿನಲ್ಲಿ ಬುಟ್ಟಿ ದಾಟಿಸಿದ ಆ ಕೆಲಸ, 1920ರಲ್ಲಷ್ಟೇ ಹುಟ್ಟಿದ್ದ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿಗೆ, ಅಂದರೆ ಗುರುದ್ವಾರಗಳ ಆಡಳಿತ ನಡೆಸುವ ಚುನಾಯಿತ ಮಂಡಳಿಗೆ, ಜನಬೆಂಬಲದ ದೊಡ್ಡ ಪರೀಕ್ಷೆಯೂ ಆಗಿತ್ತು. ಅಡುಗೆಯನ್ನು ಸಂಘಟಿಸಬಲ್ಲ ಸಮುದಾಯಗಳು ಲೋಕದಲ್ಲಿ ಅನೇಕ ಇವೆ. ಮಣ್ಣು ಹೊರುವುದನ್ನು ಧರ್ಮದ ಮಟ್ಟಕ್ಕೆ ಏರಿಸಿ, ತಲೆಮಾರುಗಳ ಕಾಲ ಆ ಅಭ್ಯಾಸವನ್ನು ಉಳಿಸಿಕೊಂಡ ಸಮುದಾಯಗಳು ವಿರಳ.

ಪಂಜಾಬಿನ ಭೂಗೋಳವೇ ಈ ಅಭ್ಯಾಸವನ್ನು ಬೇಡುತ್ತಿತ್ತು. 1955ರ ಅಕ್ಟೋಬರಿನ ಪ್ರವಾಹದ ನೆನಪು ಮಾಸುವ ಮೊದಲೇ ಮತ್ತೆ ಮತ್ತೆ ನದಿಗಳು ಉಕ್ಕಿದವು. 1988ರ ಸೆಪ್ಟೆಂಬರಿನ ಕೊನೆಯ ವಾರದಲ್ಲಿ ಬಂದ ಮಹಾಪೂರ ರಾಜ್ಯದ ಸುಮಾರು 9,000 ಹಳ್ಳಿಗಳನ್ನು ತಟ್ಟಿತು. ನದಿಗಳನ್ನು ಹಿಡಿದಿಡಲು ಸ್ವಾತಂತ್ರ್ಯಾನಂತರ ಕಟ್ಟಿದ ಮಣ್ಣಿನ ಉದ್ದನೆಯ ಏರಿಗಳಿಗೆ ಅಲ್ಲಿ ಧುಸ್ಸಿ ಬಂಧ್ ಎನ್ನುತ್ತಾರೆ. ಏರಿ ಮತ್ತು ನದಿಯ ನಡುವಿನ ಮೆಕ್ಕಲು ನೆಲಕ್ಕೆ ಮಂಡ್ ಎಂದು ಹೆಸರು. ದೇಶ ವಿಭಜನೆಯ ನಂತರ ಆ ಕಡೆಯಿಂದ ಬರಿಗೈಯಲ್ಲಿ ಬಂದ ಅನೇಕ ಕುಟುಂಬಗಳು ಇಂಥ ನದೀತೀರದ ಜೌಗು ನೆಲಗಳನ್ನು ಕಡಿದು ಹಸನು ಮಾಡಿ ಬದುಕು ಕಟ್ಟಿಕೊಂಡವು.

20ನೆಯ ಶತಮಾನದ ಕೊನೆಯ ಹೊತ್ತಿಗೆ ಸಿಖ್ ಸೇವೆ ಪಂಜಾಬಿನ ಗಡಿಯನ್ನು ದಾಟಿ ಅಂತರರಾಷ್ಟ್ರೀಯ ಪರಿಹಾರ ಕಾರ್ಯದ ರೂಪ ಪಡೆಯಿತು. 1999ರಲ್ಲಿ ಕೊಸೊವೊ ಯುದ್ಧದ ನಿರಾಶ್ರಿತರಿಗೆ ನೆರವು ಒಯ್ದ ರವಿ ಸಿಂಗ್ ಇಂಗ್ಲೆಂಡಿನಲ್ಲಿ ಖಾಲ್ಸಾ ಏಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 2014ರ ಆರಂಭದಲ್ಲಿ ಇಂಗ್ಲೆಂಡಿನದೇ ಸಾಮರ್‌ಸೆಟ್ ಬಯಲು ಮುಳುಗಿದಾಗ ಅದರ ಸ್ವಯಂಸೇವಕರು ಅಲ್ಲಿಯ ಹಳ್ಳಿಗರ ನೆರವಿಗೆ ನಿಂತರು. ಭಾರತದಲ್ಲಿ 2013ರ ಜೂನ್‌ನಲ್ಲಿ ಉತ್ತರಾಖಂಡದ ಜಲಪ್ರಳಯ ಹೇಮಕುಂಡ ಯಾತ್ರೆಯ ಹಾದಿಯ ಗೋವಿಂದಘಾಟ್ ಅನ್ನೇ ಧ್ವಂಸ ಮಾಡಿದಾಗ ಆ ಹಾದಿಯ ಗುರುದ್ವಾರಗಳು ಯಾತ್ರಿಕರೆಲ್ಲರ ಆಶ್ರಯಗಳಾದವು. 2014ರ ಸೆಪ್ಟೆಂಬರಿನಲ್ಲಿ ಝೇಲಂ ಉಕ್ಕಿ ಶ್ರೀನಗರ ಮುಳುಗಿದಾಗ ಅಲ್ಲಿಯ ಗುರುದ್ವಾರಗಳಲ್ಲಿ ಮುಸ್ಲಿಮರು, ಹಿಂದೂಗಳು, ಸಿಖ್ಖರು ಒಂದೇ ಸಾಲಿನಲ್ಲಿ ಉಂಡರು. 2018ರ ಆಗಸ್ಟ್‌ನಲ್ಲಿ ಕೇರಳದ ಮಹಾಪ್ರವಾಹದ ಹೊತ್ತಿಗೆ ಪಂಜಾಬಿನಿಂದ ಕೊಚ್ಚಿಗೆ ಬಂದಿಳಿದ ಖಾಲ್ಸಾ ಏಡ್ ತಂಡ ತೇವರದ ಗುರುದ್ವಾರದ ಅಡುಗೆಮನೆಯಲ್ಲಿ ಲಂಗರ್ ಹೂಡಿತು. ಭಾಷೆ ತಿಳಿಯದ, ಊಟದ ರುಚಿಯೂ ಬೇರೆಯಾದ ನಾಡಿಗೆ ಬಂದವರು ಅನ್ನವನ್ನೇ ಬೇಯಿಸಿ ಬಡಿಸಿದರು. ಉಣ್ಣುವವರ ಅಭ್ಯಾಸಕ್ಕೆ ತಕ್ಕಂತೆ ಅಡುಗೆಯನ್ನು ಬದಲಿಸುವ ಈ ಸಣ್ಣ ವಿನಯದಲ್ಲಿ ಸೇವೆಗೂ ದಾನಕ್ಕೂ ಇರುವ ಅಂತರ ಕಾಣುತ್ತದೆ.

ಇಷ್ಟೆಲ್ಲವೂ ಅನ್ನದ ಕಥೆ. ಮಣ್ಣಿನ ಕಥೆಯ ಕೇಂದ್ರದಲ್ಲಿ ಇರುವವರು ಜಲಂಧರ್ ಜಿಲ್ಲೆಯ ಸೀಚೆವಾಲ್ ಎಂಬ ಹಳ್ಳಿಯ ಸಂತ ಬಲಬೀರ್ ಸಿಂಗ್. 1962ರಲ್ಲಿ ಹುಟ್ಟಿದ ಇವರು ಸಿಖ್ಖರಲ್ಲಿ ನಿರ್ಮಲರೆಂದು ಕರೆಯಲಾಗುವ ಸಾಧು ಸಂಪ್ರದಾಯಕ್ಕೆ ಸೇರಿದವರು. ಗುರು ನಾನಕರಿಗೆ ಸುಲ್ತಾನ್‌ಪುರ ಲೋಧಿಯಲ್ಲಿ ಜ್ಞಾನೋದಯವಾದದ್ದು ಕಾಲಿ ಬೇಯಿಂ ಎಂಬ ಹೊಳೆಯ ದಂಡೆಯಲ್ಲಿ ಎಂಬುದು ನಂಬಿಕೆ. ಸುಮಾರು 160 ಕಿಲೋಮೀಟರ್ ಉದ್ದದ ಆ ಹೊಳೆ 20ನೆಯ ಶತಮಾನದ ಅಂತ್ಯಕ್ಕೆ ಪಟ್ಟಣಗಳ ಚರಂಡಿಯಾಗಿ, ಅಂತರಗಂಗೆ ಮುಚ್ಚಿದ ಹೊಂಡವಾಗಿ ಸತ್ತುಹೋಗಿತ್ತು. 2000ನೆಯ ಇಸವಿಯ ಜುಲೈನಲ್ಲಿ ಸೀಚೆವಾಲರು ಕೆಲವೇ ಅನುಯಾಯಿಗಳೊಂದಿಗೆ ನೀರಿಗಿಳಿದು ಕೈಯಿಂದಲೇ ಆ ಅಂತರಗಂಗೆಯನ್ನು ಕೀಳತೊಡಗಿದರು. ವರ್ಷಗಳ ಕಾರ್ ಸೇವೆಯ ನಂತರ ಹೊಳೆ ಮತ್ತೆ ಹರಿಯಿತು. ಮುಂದೆ 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಈ ಲೇಖನದ ದೃಷ್ಟಿಯಿಂದ ಆ ವರ್ಷಗಳ ಮುಖ್ಯ ಫಲ ಬೇರೆಯೇ: ಟ್ರ್ಯಾಕ್ಟರ್, ಮಣ್ಣೆತ್ತುವ ಯಂತ್ರ, ಅವುಗಳನ್ನು ನಡೆಸಬಲ್ಲ ಹುಡುಗರು, ಕರೆದ ಕೂಡಲೇ ಬರುವ ಹಳ್ಳಿಗಳು, ಬಂದವರಿಗೆಲ್ಲ ಉಣ್ಣಿಸುವ ಅಡುಗೆಮನೆ, ಇವೆಲ್ಲ ಒಂದೇ ಕೈಯಡಿಯಲ್ಲಿ ಸಿದ್ಧವಾಗಿದ್ದವು.

2019ರ ಆಗಸ್ಟ್‌ನಲ್ಲಿ ಆ ಸಿದ್ಧತೆಯ ಪರೀಕ್ಷೆ ನಡೆಯಿತು. ಭಾಕ್ರಾ ಜಲಾಶಯ ತುಂಬಿ ನೀರು ಬಿಟ್ಟದ್ದೂ ರೋಪಡ್ ಸುತ್ತಲಿನ ಹಳ್ಳಕೊಳ್ಳಗಳು ಏಕಕಾಲಕ್ಕೆ ಉಕ್ಕಿದ್ದೂ ಸೇರಿ ಸಟ್ಲೆಜ್‌ನಲ್ಲಿ 2 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಇಳಿದು ಬಂತು. ಲೋಹಿಯಾಂ ಪಟ್ಟಣದ ಬಳಿ ಧುಸ್ಸಿ ಬಂಧ್ ಹಲವೆಡೆ ಒಡೆಯಿತು. ಅವುಗಳಲ್ಲಿ ಜಾನಿಯಾ ಚಾಹಲ್ ಎಂಬ ಹಳ್ಳಿಯ ಬಳಿಯ ಬಿರುಕು ಸುಮಾರು 500 ಅಡಿ ಅಗಲದ್ದು. ಮಣ್ಣಿನ ಏರಿ ಒಡೆದಾಗ ನೀರು ಅಗಲವನ್ನಷ್ಟೇ ಅಲ್ಲ, ಆಳವನ್ನೂ ಕೊರೆಯುತ್ತದೆ. ಒಡೆದ ಬಾಯಿಯ ಬುಡದಲ್ಲಿ ಗುಂಡಿ ಬೀಳುತ್ತದೆ, ಸಡಿಲ ಮಣ್ಣನ್ನು ಎಷ್ಟು ಸುರಿದರೂ ಸೆಳೆವು ಹೊತ್ತೊಯ್ಯುತ್ತದೆ. ಆದ್ದರಿಂದ ಮಣ್ಣನ್ನು ಚೀಲಗಳಲ್ಲಿ ತುಂಬಿ, ಬಾಯಿ ಕಟ್ಟಿ, ಅವುಗಳನ್ನು ತಂತಿಯ ಬಲೆಗಳಲ್ಲಿ ಒಟ್ಟುಗೂಡಿಸಿ ಭಾರದ ಕಟ್ಟುಗಳಾಗಿಸಿ ಇಳಿಬಿಡಬೇಕಾಗುತ್ತದೆ. ಜಿಲ್ಲಾಡಳಿತ ಮತ್ತು ಸೇನೆಯ ನೆರವಿನೊಂದಿಗೆ ಸೀಚೆವಾಲರ ಸ್ವಯಂಸೇವಕರು ಇದನ್ನೇ ಮಾಡಿದರು. ಒಣಗಿದ ಏರಿಯ ಮೇಲೆ ಟ್ರ್ಯಾಕ್ಟರ್ ಟ್ರಾಲಿಗಳು ಮಣ್ಣು ತಂದು ಸುರಿದವು. ಸುತ್ತಲ ಹಳ್ಳಿಗಳಿಂದ ಬಂದ ನೂರಾರು ಜನ, ಹೆಂಗಸರೂ ಮುದುಕರೂ ಸೇರಿ, ಅದನ್ನು ಚೀಲಕ್ಕೆ ತುಂಬಿದರು. ತುಂಬಿದ ಚೀಲ ಕೈಯಿಂದ ಕೈಗೆ ದಾಟಿ ಬಿರುಕಿನ ಅಂಚಿಗೆ ಮುಟ್ಟಿತು. ಬಾಯಿ ಕಿರಿದಾದಂತೆ ಅದೇ ನೀರು ಹೆಚ್ಚು ವೇಗದಿಂದ ನುಗ್ಗುವುದರಿಂದ ಕೊನೆಯ ಕೆಲವು ಅಡಿಗಳೇ ಅತ್ಯಂತ ಕಷ್ಟದವು. ಹಗಲಿರುಳು ಕೆಲಸ ನಡೆದು ಬಿರುಕು ಮುಚ್ಚಿತು. ಅಷ್ಟೂ ದಿನ ಏರಿಯ ಮೇಲೆಯೇ ಲಂಗರ್ ನಡೆಯಿತು. ಮನೆ ಮುಳುಗಿ ಏರಿಯ ಮೇಲೆ ಬಂದು ಕೂತವರೂ ಮಣ್ಣು ಹೊರಲು ಬಂದವರೂ ಅದೇ ಸಾಲಿನಲ್ಲಿ ಉಂಡರು, ಉಂಡು ಎದ್ದ ಸಂತ್ರಸ್ತರು ತಾವೂ ಚೀಲ ಹಿಡಿದರು. ನೆರವು ಪಡೆಯುವವನೇ ನೆರವು ನೀಡುವವನೂ ಆಗುವ ಈ ಘಳಿಗೆಗೆ ಪರಿಹಾರದ ಯಾವ ಸರ್ಕಾರಿ ಮಾರ್ಗಸೂಚಿಯಲ್ಲಿಯೂ ಜಾಗವಿಲ್ಲ. ಆದರೆ ಮುಳುಗಿದ ಊರು ಮತ್ತೆ ಮೇಲೇಳುವುದು ಅಲ್ಲಿಂದಲೇ.

ಬಿರುಕು ಮುಚ್ಚಿದ ಮೇಲೂ ಕೆಲಸ ನಿಲ್ಲಲಿಲ್ಲ. ಒಡ್ಡು ಏಕೆ ಒಡೆಯಿತು ಎಂದು ಕೇಳಿದಾಗ ಉತ್ತರ ಸ್ವಲ್ಪ ಕೆಳಗೆ, ಗಿದ್ದಡ್‌ಪಿಂಡಿಯ ರೈಲು ಸೇತುವೆಯ ಅಡಿಯಲ್ಲಿ ಸಿಕ್ಕಿತು: ಸೇತುವೆಯ ಕಣ್ಣುಗಳಲ್ಲಿ ಅಡಿಗಟ್ಟಲೆ ಹೂಳು ಕೂತು, ನೀರು ಹಾಯಲು ದಾರಿಯಿಲ್ಲದೆ ಮೇಲ್ಭಾಗದಲ್ಲಿ ಒತ್ತರಿಸಿ ನಿಲ್ಲುತ್ತಿತ್ತು. ಸ್ವಯಂಸೇವಕರು ಮುಂದಿನ ತಿಂಗಳುಗಳಲ್ಲಿ ಆ ಹೂಳನ್ನು ಎತ್ತಿ, ಅದೇ ಮಣ್ಣಿನಿಂದ ಏರಿಯನ್ನು ಎತ್ತರಿಸಿ ಬಲಪಡಿಸುವ ಕೆಲಸಕ್ಕೆ ತೊಡಗಿದರು. 2023ರ ಜುಲೈನಲ್ಲಿ ಸಟ್ಲೆಜ್ ಮತ್ತೆ ಒಡ್ಡು ಒಡೆದು ಗಟ್ಟಾ ಮುಂಡಿ ಕಾಸು ಎಂಬಲ್ಲಿ 900 ಅಡಿಗೂ ಅಗಲದ ಬಾಯಿ ತೆರೆದಾಗ ಅದನ್ನು ಮುಚ್ಚಿದ್ದೂ ಇದೇ ಪಡೆ. ಆ ವರ್ಷ ಇನ್ನೊಂದು ಬಗೆಯ ಸೇವೆಯೂ ನಡೆಯಿತು, ಮತ್ತು ಕೃಷಿಯನ್ನು ಬಲ್ಲವರಿಗೆ ಅದರ ಬೆಲೆ ಕೂಡಲೇ ತಿಳಿಯುತ್ತದೆ. ನಾಟಿ ಮಾಡಿದ ಭತ್ತ ಕೊಳೆತುಹೋದ ರೈತನಿಗೆ ಹೊಸದಾಗಿ ಬೀಜ ಚೆಲ್ಲಿ ಸಸಿ ಬೆಳೆಸಲು ಹಂಗಾಮು ಉಳಿದಿರಲಿಲ್ಲ. ಪ್ರವಾಹ ಮುಟ್ಟದ ಹಳ್ಳಿಗಳ ರೈತರು ತಮ್ಮ ಹೊಲಗಳಲ್ಲಿ ಬೇಗ ಬರುವ ತಳಿಗಳ ಸಸಿಮಡಿ ಹಾಕಿ, ಸಸಿಗಳನ್ನು ಕಿತ್ತು, ಕಟ್ಟುಕಟ್ಟಾಗಿ ಟ್ರಾಲಿಯಲ್ಲಿ ತುಂಬಿ ಉಚಿತವಾಗಿ ಹಂಚಿದರು. ಅದನ್ನು ಅಲ್ಲಿಯವರು ಪನೀರಿ ಲಂಗರ್ ಎಂದು ಕರೆದರು. ಪನೀರಿ ಎಂದರೆ ನಾಟಿಯ ಸಸಿ. ಮುಳುಗಿದ ರೈತನಿಗೆ ಒಂದು ಹಂಗಾಮನ್ನೇ ಮರಳಿ ಕೊಡುವ ಇಂಥ ನೆರವು ಚೆಕ್ಕಿನಿಂದ ಆಗುವಂಥದ್ದಲ್ಲ.

ಕೃಷ್ಣೆಯ ದಂಡೆಗೆ ಇಂಥ ಸಾಮರ್ಥ್ಯ ಇಲ್ಲವೆಂದು ತಿಳಿಯಬಾರದು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜು ಸರ್ಕಾರದ ಕೊಡುಗೆಯಲ್ಲ. ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಕೃಷ್ಣಾ ತೀರ ರೈತ ಸಂಘ ರೈತರಿಂದಲೇ ಹಣ ಕೂಡಿಸಿ, ರೈತರ ಶ್ರಮದಾನದಿಂದ ಕಟ್ಟಿ, 1989ರಲ್ಲಿ ಪೂರೈಸಿದ ಕೆಲಸ ಅದು. ಆ ನೀರಿಗೆ ಶ್ರಮಬಿಂದು ಸಾಗರ ಎಂದು ಜನ ಇಟ್ಟ ಹೆಸರು ಸುಮ್ಮನೆ ಬಂದದ್ದಲ್ಲ. ಎರಡು ವರ್ಷದ ನಂತರ, 1991ರ ಲೋಕಸಭಾ ಚುನಾವಣೆಯಲ್ಲಿ, ಇದೇ ನ್ಯಾಮಗೌಡರು ಬಾಗಲಕೋಟೆ ಕ್ಷೇತ್ರದಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದ್ದು ಈ ಸೀಮೆ ಶ್ರಮಕ್ಕೆ ಕೊಟ್ಟ ಗೌರವದ ಅಳತೆ. ನದಿಗೆ ಅಡ್ಡ ನಿಂತು ಕಲ್ಲು ಮಣ್ಣು ಹೊತ್ತ ಆ ಒಗ್ಗಟ್ಟು ಬರಗಾಲದ ವಿರುದ್ಧ ಎದ್ದಿತು; ಪ್ರವಾಹದ ವಿರುದ್ಧ ಅದೇ ಪ್ರಮಾಣದಲ್ಲಿ ಏಳಲಿಲ್ಲ ಎಂಬುದು ಯೋಚಿಸಬೇಕಾದ ಸಂಗತಿ. ಇದಕ್ಕೆ ಕಾರಣಗಳಿವೆ. ಆಲಮಟ್ಟಿಯ ಮುಳುಗಡೆ ಬಂದಾಗಿನಿಂದ ನೀರು ತರುವ ನಷ್ಟವನ್ನು ಸರ್ಕಾರವೇ ತುಂಬಿಕೊಡಬೇಕು ಎಂಬ ನ್ಯಾಯವಾದ ನಿರೀಕ್ಷೆ ಇಲ್ಲಿ ಬೇರೂರಿತು. ಯಾವ ನೆಲ ನಾಳೆ ಮುಳುಗಡೆಯ ಪಟ್ಟಿಗೆ ಸೇರುತ್ತದೋ ತಿಳಿಯದಿರುವಾಗ ಅದರ ಒಡ್ಡಿಗೆ ಮಣ್ಣು ಹೊರಲು ಯಾರ ಕೈಯೂ ಏಳುವುದಿಲ್ಲ.

2009ರ ಅನುಭವ ಇನ್ನೊಂದು ಪಾಠ ಕಲಿಸಿತ್ತು. ಆ ವರ್ಷ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಉತ್ತರ ಕರ್ನಾಟಕದ ಮೇಲೆ ಮುರಿದುಬಿದ್ದ ಮಳೆ 200ಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡು, ಮಣ್ಣಿನ ಮೇಲ್ಮುದ್ದೆಯ ಮನೆಗಳನ್ನು ಊರಿಗೆ ಊರೇ ಕುಸಿಯುವಂತೆ ಮಾಡಿತು. ಸರ್ಕಾರ ಆಸರೆ ಎಂಬ ಯೋಜನೆಯಡಿ ಮಠಗಳು, ಉದ್ಯಮಗಳು, ಟ್ರಸ್ಟುಗಳಿಗೆ ಕರೆ ಕೊಟ್ಟು, ಎತ್ತರದ ಜಾಗಗಳಲ್ಲಿ ಹೊಸ ಮನೆಗಳ ಸಾಲುಗಳನ್ನು ಕಟ್ಟಿಸಿತು. ದಾನಿಗಳ ಉದಾರತೆಯಲ್ಲಿ ಕೊರತೆಯಿರಲಿಲ್ಲ, ಕಟ್ಟಿದ ಮನೆಗಳು ನಿಂತವು. ಆದರೂ ಅನೇಕ ಕಡೆ ಅವು ವರ್ಷಗಟ್ಟಲೆ ಖಾಲಿ ಬಿದ್ದವು. ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆಯಾದರೆ ಎತ್ತು ಎಮ್ಮೆಗಳನ್ನು ಎಲ್ಲಿ ಕಟ್ಟುವುದು, ಮೇವಿನ ಬಣವೆ ಎಲ್ಲಿ ಒಟ್ಟುವುದು, ಮಗ್ಗ ಎಲ್ಲಿ ಹೂಡುವುದು ಎಂದು ನೇಕಾರರೂ ರೈತರೂ ಕೇಳುವ ಪ್ರಶ್ನೆಗಳು ನಕಾಶೆ ಬರೆದವರ ಕಿವಿಗೆ ಬಿದ್ದಿರಲಿಲ್ಲ. ಮನೆ ಕಟ್ಟಿಕೊಟ್ಟವರು ಸಂತ್ರಸ್ತರ ಕೈಯನ್ನು ಕೆಲಸಕ್ಕೆ ಕರೆಯಲಿಲ್ಲ. ಕಟ್ಟುವ ಕೆಲಸದಲ್ಲಿ ಪಾಲಿಲ್ಲದವನಿಗೆ ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು ಎಂದು ಹೇಳುವ ಅಧಿಕಾರವೂ ದಕ್ಕುವುದಿಲ್ಲ; ಜಾನಿಯಾ ಚಾಹಲ್‌ನ ಏರಿಗೂ ಆಸರೆಯ ಖಾಲಿ ಸಾಲುಗಳಿಗೂ ನಡುವಿನ ಅಂತರ ಇಲ್ಲಿದೆ.

ಸಿಖ್ ಮಾದರಿಯನ್ನು ದೋಷವಿಲ್ಲದ್ದೆಂದು ಹೇಳಿದರೆ ಅದು ಇತಿಹಾಸವಾಗುವುದಿಲ್ಲ. ಶ್ರದ್ಧೆಯಿಂದ ಎತ್ತಿದ ಎಲ್ಲ ಮಣ್ಣೂ ಸರಿಯಾದ ಜಾಗದಲ್ಲಿ ಬೀಳುವುದಿಲ್ಲ. ಮಂಡ್ ಪ್ರದೇಶದಲ್ಲಿ ರೈತರು ತಾವೇ ಕಟ್ಟಿಕೊಂಡ ತಾತ್ಕಾಲಿಕ ಒಡ್ಡುಗಳು ನದಿಯ ಪಾತ್ರವನ್ನು ಕಿರಿದು ಮಾಡಿ, ಒಂದು ಹಳ್ಳಿಯನ್ನು ಉಳಿಸುವಾಗ ಎದುರು ದಂಡೆಯ ಹಳ್ಳಿಗೆ ನೀರನ್ನು ತಳ್ಳುವುದುಂಟು. 2025ರ ಆಗಸ್ಟ್‌ನಲ್ಲಿ ಸುಲ್ತಾನ್‌ಪುರ ಲೋಧಿಯ ಬಾವುಪುರ ಮಂಡ್‌ನಲ್ಲಿ ಬಿಯಾಸ್ ನದಿ ಇಂಥ ಒಡ್ಡನ್ನು ಒಡೆದು ನುಗ್ಗಿತು. ಜನರ ದುಡಿಮೆಯ ಹುರುಪು ಸರ್ಕಾರದ ಹೊಣೆಯನ್ನು ಮರೆಸುವ ಅಪಾಯವೂ ಇದೆ: ಹೂಳೆತ್ತುವುದು, ಏರಿ ಕಾಯುವುದು ನೀರಾವರಿ ಇಲಾಖೆಯ ಕರ್ತವ್ಯವೇ ಹೊರತು ಸಂತರದ್ದಲ್ಲ. ಸೀಚೆವಾಲರು 2022ರಲ್ಲಿ ರಾಜ್ಯಸಭೆಯನ್ನು ಪ್ರವೇಶಿಸಿದ್ದರಿಂದ ಸೇವೆಯ ಮತ್ತು ಆಡಳಿತದ ನಡುವಿನ ಗೆರೆ ಇನ್ನಷ್ಟು ತೊಡಕಾಯಿತು.

2025ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನ ಪ್ರವಾಹ 1988ರ ನಂತರ ಪಂಜಾಬ್ ಕಂಡ ಅತಿ ದೊಡ್ಡದು. ರಾವಿ, ಬಿಯಾಸ್, ಸಟ್ಲೆಜ್ ಮೂರೂ ಒಟ್ಟಿಗೆ ಉಕ್ಕಿ, ರಾಜ್ಯದ 23 ಜಿಲ್ಲೆಗಳನ್ನೂ ಪ್ರವಾಹಪೀಡಿತವೆಂದು ಸಾರಬೇಕಾಯಿತು, 1.7 ಲಕ್ಷ ಹೆಕ್ಟೇರ್‌ಗೂ ಹೆಚ್ಚು ಬೆಳೆ ಹಾಳಾಯಿತು. ನಾಡಿನ ಉದ್ದಗಲಕ್ಕೂ ಅನ್ನ ಹಂಚಿದ ಸಮುದಾಯಕ್ಕೆ ಈ ಬಾರಿ ಹೊರಗಿನವರ ಕೈಗಳು ನೆರವಾದವು: ಮಾಲೇರ್‌ಕೋಟ್ಲಾ ಮತ್ತು ಹರಿಯಾಣದ ಮೇವಾತಿನ ಮುಸ್ಲಿಮರು ಧಾನ್ಯ ಬಟ್ಟೆ ತುಂಬಿದ ವಾಹನಗಳನ್ನು ಗುರುದಾಸ್‌ಪುರ, ಫಿರೋಜ್‌ಪುರಗಳ ಕಡೆಗೆ ಕಳಿಸಿದರು. ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಆಲಮಟ್ಟಿಯ ಎತ್ತರವನ್ನು 524.256 ಮೀಟರಿಗೆ ಏರಿಸಿದಾಗ ಮುಳುಗುವ ಸುಮಾರು 75 ಸಾವಿರ ಎಕರೆಗೆ, ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಬೀಳಗಿ, ಜಮಖಂಡಿ, ಮುಧೋಳ ಸೀಮೆಯ ಇನ್ನಷ್ಟು ಊರುಗಳು ಮಡ್ಡಿಗೆ ಸರಿಯಬೇಕಾದ ದಿನ ಹತ್ತಿರವಾದಂತೆ, ಆ ಊರುಗಳನ್ನು ಕಟ್ಟುವಾಗ ನಕಾಶೆಯ ಮೇಜಿನ ಬಳಿ ಯಾರು ಕೂರುತ್ತಾರೆ ಎಂಬುದು ಪರಿಹಾರದ ದರದಷ್ಟೇ ತೂಕದ ಪ್ರಶ್ನೆ. ಪಂಜಾಬಿನಲ್ಲಿ ಆ ಹೊತ್ತಿಗೆ ಹೊಲಗಳ ಮೇಲೆ ಮರಳಿನ ದಪ್ಪ ಪದರ ಕೂತಿತ್ತು. ಹೊಲ ಯಾರದೋ ಅದರ ಮರಳೂ ಅವರದೇ ಎಂದು ಅಲ್ಲಿಯ ಸರ್ಕಾರ ನಿಯಮ ಸಡಿಲಿಸಿತು. ಅಕ್ಕಪಕ್ಕದ ಜಿಲ್ಲೆಗಳಿಂದಲೂ ಹರಿಯಾಣ, ರಾಜಸ್ಥಾನಗಳಿಂದಲೂ ರೈತರು ತಮ್ಮದೇ ಟ್ರ್ಯಾಕ್ಟರುಗಳನ್ನು ಓಡಿಸಿಕೊಂಡು ಬಂದರು, ಗುರುದ್ವಾರಗಳು ಅವಕ್ಕೆ ಡೀಸೆಲ್ ಹಾಕಿಸಿದವು, ಗೋಧಿ ಬಿತ್ತನೆಯ ಹಂಗಾಮು ಮೀರುವ ಮೊದಲು ಮರಳು ಸರಿಸಿ ನೆಲ ಸಮ ಮಾಡುವ ಕೆಲಸ ಹೊಲದಿಂದ ಹೊಲಕ್ಕೆ ಸಾಗಿತು.